ನಗದೇ ಎದ್ದು ಹೋದವನು

"ಅಳಮ್ಮಾ! ಗಂಡ ಸತ್ತಿದ್ದಾನೆ, ಅಳು!"

ಡೈರೆಕ್ಟರ್ ಕೂಗಿದ್ದು ಹಾನಗಲ್ಲಿನ ಕೆರೆಯ ಆಚೆ ದಂಡೆಗೂ ಕೇಳಿಸಿರಬೇಕು. ಆದರೆ ದಾನವ್ವನ ಕಣ್ಣಲ್ಲಿ ಒಂದು ಹನಿ ನೀರಿಲ್ಲ! ಎದುರಿಗೆ ಬಿಳಿ ಬಟ್ಟೆ ಹೊದ್ದು, ಹಣೆಯ ಮೇಲೆ ಕೆಂಪು ಬಣ್ಣದ ಗಾಯ ಬರೆಸಿಕೊಂಡು ಒಬ್ಬ ಗಂಡಸು ಹೆಣವಾಗಿ ಮಲಗಿದ್ದ. ಸುತ್ತಲೂ ಪೊಲೀಸರು. ವೇಷದ ಪೊಲೀಸರೇ ಇರಬಹುದು, ಆದರೆ ಖಾಕಿ ಖಾಕಿಯೇ ಅಲ್ಲವೇ? ಕಂಡರೆ ಅಂಜಿಕೆಯೇ.

ಅಂಜಿಕೆ ಇದ್ದಲ್ಲಿ ಅಳು ಬರುವುದಿಲ್ಲ. ಇಷ್ಟು ಸಣ್ಣ ಮಾತನ್ನು ಬೆಂಗಳೂರಿನಿಂದ ಬಂದ ಆ ಮಹಾಶಯನಿಗೆ ಯಾರು ಹೇಳಬೇಕು?

ಅವಳು ಹೆಣದ ಮೇಲೆ ಬಾಗಿದಳು. ಆಗ...

"ಲಗೂನ ಅಳ್ರೀ... ಬೆನ್ನಾಗ ಇರವಿ ಕಡ್ಯಾಕತ್ತಾವು!"

ಹೆಣ ಮಾತಾಡಿತ್ತು!

ದಾನವ್ವ ಕಿಟಾರನೆ ಕಿರುಚಿದಳು. ಹಿಂದಕ್ಕೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತೇಬಿಟ್ಟಳು. ಅದು ಗಂಡನಿಗಾಗಿ ಅತ್ತ ಅಳುವಲ್ಲ, ಶುದ್ಧ ಹೆದರಿಕೆಯ ಅಳು. ಆದರೆ ಡೈರೆಕ್ಟರಿಗೆ ಅದೆಲ್ಲಿ ಗೊತ್ತಾಗಬೇಕು? "ಹಾಂ! ಇದೇ! ಬಿಡಬೇಡಿ, ತಗೊಳ್ಳಿ!" ಎಂದು ಕುಣಿದಾಡಿದ. ಅವಳು ಅಳುತ್ತಲೇ ಹೇಳಿಕೊಟ್ಟಂತೆ ಹಣೆಯ ಕುಂಕುಮ ಒರೆಸಿಕೊಂಡಳು, ಹೆಣದ ಕೆನ್ನೆ ಮುಟ್ಟಿದಳು. ಕೆನ್ನೆ ಬೆಚ್ಚಗಿತ್ತು. ಆ ಬಿಸಿ ಎಷ್ಟೋ ದಿನ ಅವಳ ಅಂಗೈ ಬಿಟ್ಟು ಹೋಗಲಿಲ್ಲ.

ಇದು ಎಂಬತ್ತೆಂಟನೆಯ ಇಸವಿಯ ಮಾತು. ನಮ್ಮ ಕಡೆ ಟೀವಿ ಇನ್ನೂ ಊರಿಗೆ ಒಂದೋ ಎರಡೋ. ಬೆಂಗಳೂರಿನ ಒಂದು ತಂಡ ಪೊಲೀಸರ ಧಾರಾವಾಹಿಯ ಒಂದು ಕಂತಿಗೆಂದು ಹಾನಗಲ್ಲಿಗೆ ಬಂದಿತ್ತು. ಇನ್ಸ್‌ಪೆಕ್ಟರು, ಪೇದೆಗಳೆಲ್ಲ ಬೆಂಗಳೂರಿನವರೇ. ಸಾಯುವವನು, ಅಳುವವಳು ಮಾತ್ರ ಈ ಕಡೆಯವರು ಬೇಕೆಂದರು. ಅತಿಥಿ ಕಲಾವಿದರಂತೆ! ಹೆಸರು ದೊಡ್ಡದು, ಕೆಲಸ ಒಂದು ಮಧ್ಯಾಹ್ನದ್ದು. ದಾನವ್ವನ ಅಪ್ಪ ಕರಬಸಪ್ಪ ಇದೇ ಹಾನಗಲ್ಲಿನ ಹಾರ್ಮೋನಿಯಂ ಮಾಸ್ತರ, ಸುತ್ತಲ ಹಳ್ಳಿಗಳಿಗೆ ನಾಟಕ ಕಲಿಸುವವರು. ತಾಯಿಯಿಲ್ಲದ ಮಗಳು ಅವರ ಜೊತೆ ಹಾಡುತ್ತಾ ಪಾತ್ರ ಮಾಡುತ್ತಾ ಬೆಳೆದವಳು. ಹೆಣವಾದವನು ಹಿರೇಕೆರೂರಿನ ದ್ಯಾಮಪ್ಪ. ಹತ್ತಿ ಹೇರುವ ಲಾರಿಯ ಡ್ರೈವರು, ನಾಟಕದ ಹುಚ್ಚು ಬೇರೆ.

ಹೊತ್ತು ಮುಳುಗುತ್ತಿತ್ತು. ಡೈರೆಕ್ಟರ್ "ಮುಗೀತು, ಕಟ್ಟಿ ಸಾಮಾನು" ಎಂದ.

ಆಗ ಮುಂದೆ ಬಂದವನು ಬಣ್ಣದ ಹಜರತಅಲಿ. ಸವಣೂರಿನವನು. ನಲವತ್ತು ವರ್ಷದಿಂದ ಈ ಸೀಮೆಯ ನಾಟಕದವರಿಗೆಲ್ಲ ಬಣ್ಣ ಹಚ್ಚಿದ ಕೈ ಅವನದು.

"ಸಾಹೇಬ್ರ, ಒಂದ ಕೆಲಸ ಉಳದೈತ್ರಿ. ಹೆಣ ನಗಬೇಕು."

"ಏನು?"

"ಹೆಣದ ಪಾರ್ಟ ಮಾಡಿದಾಂವ ಬಣ್ಣ ತೊಳ್ಯೂದಕ್ಕ ಮೊದಲ ನಗಬೇಕ್ರಿ. ನಾಟಕದಾಗ ಯಾರು ಅವಂಗ ಅತ್ತಿರ್ತಾರ ಅವರ ಮುಂದ ನಗ್ತಾನ. ಕ್ಯಾಮರಾ ಇದ್ರ ಕ್ಯಾಮರಾ ಮುಂದ. ಇಲ್ಲಾಂದ್ರ ಅತ್ತ ಅಳು ಹಂಗ ಉಳಕೋತೈತ್ರಿ, ಖರೇ ಆದೀತು... ಛಲೋ ಅಲ್ಲ."

"ಅಯ್ಯೋ ಹೋಗಪ್ಪಾ! ಟೇಪೂ ಮುಗಿದಿದೆ, ಬೆಳಕೂ ಹೋಗಿದೆ!"

ಜೀಪು ಧೂಳೆಬ್ಬಿಸಿ ಹೊರಟೇಹೋಯಿತು. ಇಂಥ ವಿಷಯದಲ್ಲಿ ದಾನವ್ವ ಮೊದಲೇ ಪುಕ್ಕಲಿ. ತನ್ನ ಹಣೆಗೆ ಅಲ್ಲೇ ಕುಂಕುಮ ಇಟ್ಟುಕೊಂಡಳು. ಅವನ ನಗು?

"ನೋಡ್ರಿ... ಚಾಚಾ ಹೇಳಿದ್ದ ಕೇಳಿದ್ರಿಲ್ಲ? ನಾನ ಅತ್ತಾಕಿ. ನನ್ನ ಮುಂದ ನಕ್ಕಬಿಡ್ರಿ."

ದ್ಯಾಮಪ್ಪ ಹೊದ್ದ ಬಟ್ಟೆ ಕೊಡವಿ ಎದ್ದ. ಅವಳನ್ನು ನೋಡಿದ. ಭಯಕ್ಕೆ ಅರಳಿದ ಆ ಕಣ್ಣುಗಳನ್ನು ನೋಡುತ್ತ ನಿಂತವನ ತಲೆಯಲ್ಲಿ ಏನು ಹೊಳೆಯಿತೋ, ತುಟಿ ಬಿಗಿಹಿಡಿದ.

"ಈಗ ಬ್ಯಾಡ್ರಿ. ಆ ನಗಿ ನನ್ನ ಕಡೆ ಇರ್ಲಿ. ಬರೂ ವಾರ ನಿಮ್ಮೂರಿಗೆ ಬಂದಾಗ ನಿಮ್ಮ ಮುಂದನ ನಗ್ತೇನಿ."

"ಅಯ್ಯ! ಹಂಗೆಲ್ಲ ಮಾಡಬ್ಯಾಡ್ರೀ!"

ಕೇಳಲಿಲ್ಲ. ಬಣ್ಣ ತೊಳೆದುಕೊಂಡು ಎದ್ದು ಹೋದ. ಹಜರತಅಲಿ ಎಲೆಗೆ ಸುಣ್ಣ ಹಚ್ಚುತ್ತ ತಲೆಯಾಡಿಸಿದ. "ಹುಡಗಾಟಕ್ಕೂ ಒಂದ ಹದ್ದ ಇರ್ಬೇಕು ಬೇಟಿ" ಎಂದನಷ್ಟೆ.

ಮುಂದಿನ ವಾರ ಅವನು ಬಂದ. ಹಿರೇಕೆರೂರಿನಿಂದ ಶಿಗ್ಗಾಂವಿಗೆ ಹೋಗಲು ಹಾವೇರಿ ದಾರಿ ನೆಟ್ಟಗಿದೆ. ಹಾನಗಲ್ಲ ಹಾಯ್ದು ಹೋಗುವುದೆಂದರೆ ಮೂಗು ಮುಟ್ಟಲು ಕಿವಿ ಬಳಸಿದ ಹಾಗೆ. ಆದರೂ ಬಂದ. ಕರಬಸಪ್ಪನವರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದ. ನಗಲಿಲ್ಲ!

ಅದರ ಮುಂದಿನ ವಾರವೂ ಬಂದ. ಆಗಲೂ ಇಲ್ಲ.

ಮಾತು ಮಾತ್ರ ಧಾರಾಳ. ಲಾರಿಯ ಕಥೆ, ಘಟ್ಟದ ಕಥೆ, ತನ್ನನ್ನು ಸಾಕಿದ ಸೋದರತ್ತೆ ಭರಮವ್ವನ ಕಥೆ. ಕೇಳಿದ ದಾನವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹೇಳಿದವನ ಮುಖ ಮಾತ್ರ ಗೋಡೆ.

"ನಕ್ಕ ಬಿಡ್ರಿ, ನಿಮ್ಮ ಕಾಲ ಬೀಳ್ತೇನಿ. ನೀವು ಲಾರಿ ಹತ್ತಿ ಹೋದ್ರ ನನಗ ತಿರುಗಿ ನೀವು ಬರೂತನಕ ಅನ್ನ ಇಳ್ಯೂದಿಲ್ಲ."

"ನಕ್ಕರ ಮತ್ತ ಬರಾಕ ನೆಪ ಏನ ಐತ್ರಿ ನನಗ?"

ಹೀಗೆನ್ನುವವನ ಮೇಲೆ ಸಿಟ್ಟು ಮಾಡುವುದೋ, ಪ್ರೀತಿ ಮಾಡುವುದೋ? ದಾನವ್ವ ಎರಡನ್ನೂ ಮಾಡಿದಳು. ಹಗಲೆಲ್ಲ ಸಿಟ್ಟು... ಹೊತ್ತು ಇಳಿದರೆ ಕಿವಿಯೆಲ್ಲ ರಸ್ತೆಯ ಕಡೆ. 'ದೇವರೇ, ಅವರ ಲಾರಿಗೆ ಏನೂ ಆಗದಿರಲಿ. ಆ ಅಳು ನನ್ನ ಬಾಯಿಂದ ಬಂದದ್ದು. ನನಗೇ ತಟ್ಟಲಿ, ಅವರಿಗೆ ಬೇಡ...'

ಆರನೆಯ ಸಲ ಬಂದಾಗ ದ್ಯಾಮಪ್ಪ ಕಟ್ಟೆಯ ಮೇಲೆ ಕೂಡಲಿಲ್ಲ. ನಿಂತೇ ಇದ್ದ.

"ದಾನವ್ವಾರ... ಅತ್ತಿನ್ನ ಕರ್ಕೊಂಡ ಬಂದು ನಿಮ್ಮಪ್ಪಾರ ಕೂಡ ಮಾತಾಡಸ್ಲೇನು? ನೀವು ಹೂಂ ಅನ್ರಿ. ಇಲ್ಲೇ ನಿಂತು ನಗ್ತೇನಿ, ಓಣಿ ಮಂದಿಗೆಲ್ಲ ಕೇಳೂ ಹಂಗ."

ಹೂಂ ಎಂಬ ಒಂದು ಮಾತು ಅವಳ ಗಂಟಲ ತನಕ ಬಂದಿತ್ತು. ಆದರೆ ಆ ಹೆಣದ ಬಿಳಿ ಬಟ್ಟೆ ಕಣ್ಣ ಮುಂದೆ ಬಂತು. ಗಂಡ ಸತ್ತನೆಂದು ಅತ್ತಿದ್ದೇನೆ, ಆ ಅಳು ಇನ್ನೂ ಕಳೆದಿಲ್ಲ. ಈಗ ಇವರನ್ನೇ ಗಂಡನೆಂದು ಒಪ್ಪಿದರೆ?

"ಮೊದಲ ನಗ್ರಿ. ಆಮ್ಯಾಲ ಹೇಳ್ತೇನಿ."

"ಮೊದಲ ಹೂಂ ಅನ್ರಿ."

"ಇಲ್ರಿ. ಮೊದಲ ನಗ್ರಿ!"

"ನಕ್ಕಮ್ಯಾಲ ಬಾಗಲಾ ಹಾಕ್ಕೊಂಡ್ರ? ಲಾರಿ ಹೊಡ್ಯಾವ ಬ್ಯಾಡ ಅನಸೇತೇನು? ಹಂಗಿದ್ರ ನೆಟ್ಟಗ ಹೇಳ್ರಿ."

"ನನ್ನ ಜೀವದ ಅಂಜಿಕಿ ನಿಮಗ ಆಟ ಆಗೇತಿ!" ದಾನವ್ವನಿಗೆ ಅಳು ಸಿಟ್ಟು ಒಟ್ಟಿಗೇ ಉಕ್ಕಿತು. "ನೀವು ನಗಲೂ ಬ್ಯಾಡ್ರಿ, ಈ ಕಡೆ ಬರಲೂ ಬ್ಯಾಡ್ರಿ!"

ಅವನ ಮುಖ ಸಣ್ಣದಾಯಿತು. ಟವೆಲ್ಲು ಹೆಗಲಿಗೆ ಹಾಕಿಕೊಂಡ. "ಬರ್ತೇನ್ರಿ" ಎಂದವನು ಹೊಸ್ತಿಲ ಬಳಿ ತಡೆದು, "ಇಲ್ರಿ, ಹೋಗ್ತೇನಿ" ಎಂದು ತಿದ್ದಿಕೊಂಡ.

ಬಾಯಿಂದ ಬಿದ್ದ ಮಾತು, ಒಡೆದ ಮುತ್ತು. ಇಬ್ಬರಲ್ಲಿ ಒಬ್ಬರು ಸೋತಿದ್ದರೆ ಕಥೆ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಏನು ಮಾಡೋಣ, ಇಬ್ಬರೂ ಹಟಮಾರಿಗಳು!

ಮೂರು ವಾರ ಕಳೆದವು. ಲಾರಿ ಬರಲಿಲ್ಲ.

ಒಂದು ಸಂಜೆ ಆ ಕಂತು ಟೀವಿಯಲ್ಲಿ ಬರುತ್ತದೆಂದು ಸುದ್ದಿಯಾಯಿತು. ಪಂಚಾಯ್ತಿ ಕಟ್ಟೆಯ ಟೀವಿಯ ಮುಂದೆ ಓಣಿಯೆಲ್ಲ ನೆರೆಯಿತು. ಮಗಳ ಪಾತ್ರ ನೋಡುವ ಸಂಭ್ರಮದಲ್ಲಿ ಕರಬಸಪ್ಪನವರು ಹೊಸ ರುಮಾಲು ಸುತ್ತಿದ್ದರು. ದಾನವ್ವ ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದಳು.

ಕೆರೆಯ ದಂಡೆ ಬಂತು. ಬಿಳಿ ಬಟ್ಟೆ ಬಂತು. ಇನ್ಸ್‌ಪೆಕ್ಟರ್ ಬಟ್ಟೆ ಸರಿಸಿದ...

ದ್ಯಾಮಪ್ಪನ ಮುಖ! ಕಣ್ಣು ಮುಚ್ಚಿತ್ತು. ಉಸಿರಿಲ್ಲ. ಅವತ್ತು ಕೈಗೆ ಬೆಚ್ಚಗೆ ತಾಗಿದ ಕೆನ್ನೆ ಆ ಗಾಜಿನ ಒಳಗೆ ಬೂದಿಯ ಬಣ್ಣಕ್ಕಿತ್ತು. ಪಕ್ಕದಲ್ಲಿ ತಾನೇ, ತಲೆ ಕೆದರಿ, ಕುಂಕುಮ ಒರೆಸಿಕೊಂಡು...

"ಶಾಬಾಸ್ ಮಗಳ! ಖರೇ ಅತ್ತಂಗ ಐತಿ!" ಎಂದರು ಯಾರೋ.

ದಾನವ್ವ ಅಲ್ಲಿ ನಿಲ್ಲಲಿಲ್ಲ. ಮನೆಗೆ ಬಂದು ದೇವರ ಮುಂದೆ ಕುಸಿದಳು. 'ನಗಬೇಡಿರಿ ಎಂದೆನಲ್ಲ! ಈ ಹಾಳು ಬಾಯಿ!'

ಮರುದಿನ ಹಾನಗಲ್ಲಿನ ಸಂತೆ. ಅಪ್ಪ ನಾಟಕ ಕಲಿಸಲು ಬೆಳಗ್ಗೆಯೇ ಆಡೂರಿಗೆ ಹೋಗಿದ್ದರು. ದಾನವ್ವ ಹಿರೇಕೆರೂರಿನ ಬಳೆಯ ದಿಲಾವರನ ಮುಂದೆ ಕೈ ಚಾಚಿ ಕುಳಿತಿದ್ದಳು. ಬಳೆ ಬೇಕೆಂದಲ್ಲ. ಆ ಊರಿನವನು, ಬಾಯಲ್ಲಿ ಏನಾದರೂ ಸುದ್ದಿ ಸಿಗಬಹುದೆಂಬ ಆಸೆ.

"ನಿಮ್ಮೂರ ಕಡೆ ಎಲ್ಲಾ ಆರಾಮ ಏನ್ರಿ ಕಾಕಾ?"

"ಏನ ಆರಾಮ ಯವ್ವಾ!" ದಿಲಾವರ ಹಸಿರು ಬಳೆ ಏರಿಸುತ್ತ ನಿಟ್ಟುಸಿರು ಬಿಟ್ಟ. "ಹತ್ತಿ ಲಾರಿ ಹೊಡೀತಿದ್ದ ಒಂದ ಹುಡುಗ, ದ್ಯಾಮಪ್ಪ ಅಂತ... ಹೋಗಿಬಿಟ್ನಂತ. ನಾ ಬಸ್ ಹತ್ತೂ ಹೊತ್ತಿಗೆ ಊರ ಮಂದಿ ಎಲ್ಲಾ ಅವರ ಅತ್ತಿನ್ನ ಮಾತಾಡಸಾಕ ಹೊಂಟಿದ್ರು."

ಬಳೆ ಅವಳ ಕೈಯಲ್ಲೇ ಚೂರಾಯಿತು.

"ಅಯ್ಯಯ್ಯ! ಕೈ ಹಿಂಗ ಬಿಗಿ ಹಿಡದ್ರ ಹೆಂಗ ಯವ್ವಾ! ರಕ್ತ ಬಂತ ನೋಡು!"

ದಾನವ್ವ ಏನನ್ನೂ ಕೇಳಿಸಿಕೊಳ್ಳಲಿಲ್ಲ. ಹೇಗೆ, ಎಲ್ಲಿ, ಯಾವಾಗ ಎಂದು ಕೇಳಲೂ ಇಲ್ಲ. ಕೇಳುವುದೇನಿತ್ತು? ಅವಳಿಗೆ ಮೊದಲೇ ಗೊತ್ತಿತ್ತಲ್ಲ! ಸಂತೆಯ ಮಂದಿಯನ್ನು ತಳ್ಳಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು. ಒಬ್ಬಳೇ ಬಸ್ಸು ಹತ್ತಿದ್ದು ಹುಟ್ಟಿದಂದಿನಿಂದ ಅದೇ ಮೊದಲು.

"ಎಲ್ಲಿಗವಾ?" ಎಂದ ಕಂಡಕ್ಟರ್.

ಎರಡನೆಯ ಸಲ ಕೇಳಿದಾಗ "ಹಿರೇಕೆರೂರು" ಎಂದಳು. ದನಿ ತನ್ನದಲ್ಲವೆನಿಸಿತು.

ತಿಳವಳ್ಳಿ ಬಂತು. ಚಿಕ್ಕೇರೂರು ಬಂತು. ಎದುರಿಗೆ ಲಾರಿ ಬಂದಾಗಲೆಲ್ಲ ಕಿಟಕಿಗೆ ಮುಖ ಒತ್ತಿ ನೋಡಿದಳು. ಅವನದಲ್ಲ... ಇದೂ ಅಲ್ಲ...

'ಎಲ್ಲಿ ಬಿದ್ದಿದ್ದರೋ... ನೀರು ಕೊಡಲು ಯಾರಾದರೂ ಇದ್ದರೋ ಇಲ್ಲವೋ... ಹೂಂ ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು ನನಗೆ? ಒಂದು ಮಾತು! ಒಂದೇ ಒಂದು ಮಾತು! ಮುಖ ನೋಡಲಾದರೂ ಸಿಗುತ್ತದೋ, ಅಷ್ಟರಲ್ಲಿ ಮಣ್ಣು ಮಾಡಿರುತ್ತಾರೋ...'

ಊರಿಗಿಳಿದು ಭರಮವ್ವನ ಮನೆ ಕೇಳುವುದೇ ಬೇಕಾಗಲಿಲ್ಲ. ಒಂದು ಮನೆಯ ಮುಂದೆ ಮಂದಿ ನೆರೆದಿತ್ತು. ಗಂಡಸರು ಟೊಪ್ಪಿಗೆ ತೆಗೆದು ಕಟ್ಟೆಗೆ ಕುಳಿತಿದ್ದರು. ಒಳಗೆ ಹೆಂಗಸರ ಗುಜುಗುಜು. ಅವಳ ಕೊನೆಯ ಆಸೆಯೂ ಅಲ್ಲೇ ಉದುರಿತು. ಕಾಲೆಳೆದುಕೊಂಡು ಬಾಗಿಲ ತನಕ ಹೋದಳು. ತಲೆಗೂದಲು ಕೆದರಿತ್ತು, ಕೈಯಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹಣೆಯ ಕುಂಕುಮ ಬೆವರಿಗೆ ಅಳಿಸಿಹೋಗಿತ್ತು.

ಒಬ್ಬ ಹೆಂಗಸು ಅವಳನ್ನು ನೋಡಿ ಕಿರುಚಿದಳು.

"ಅಯ್ಯ ನಮ್ಮವ್ವಾ! ಇಕಿನ! ಇಕಿನ ದ್ಯಾಮಪ್ಪನ ಹೇಂತಿ! ನಿನ್ನೆ ಟೀವ್ಯಾಗ ಹೆಣದ ಮ್ಯಾಲ ಬಿದ್ದು ಅತ್ತಾಕಿ!"

"ಹೌದ ಹೌದ! ನಾ ಹೇಳಿದ್ನಿಲ್ಲ? ಕದ್ದು ಲಗ್ನ ಆಗಿದ್ದ ನೋಡ! ಪಾಪ, ಎಷ್ಟ ಸಣ್ಣಾಕಿ!"

ದಾನವ್ವ ಆ ಹೆಂಗಸಿನ ಕಡೆ ತಿರುಗಿದಳು. ಟೀವಿಯಲ್ಲಿ?

"ನೀವು... ಅವರು ಹೋದ್ರು ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಹೆಂಗಂದ್ರ? ಕಣ್ಣಾರೆ ನೋಡೇವಿ! ಕರೆಂಟ್ ಹೋಗಿತ್ತು. ಬಂದ ಕೂಡ್ಲೆ ನೋಡ್ತೇವಿ, ದ್ಯಾಮಪ್ಪನ ಹೆಣ! ಪೊಲೀಸರು ಜೀಪ ತಗೊಂಡ ಬಂದಾರ! ಟೀವ್ಯಾವ್ರೇನು ಸುಳ್ಳ ಹೇಳ್ತಾರೇನು?"

ನೋಡಿದಿರಾ! ಹಿರೇಕೆರೂರಿನ ಜನ ಅರ್ಧ ಕಂತು ನೋಡಿ ಅದನ್ನೇ ವಾರ್ತೆ ಎಂದುಕೊಂಡಿದ್ದರು. ಅವರದಾದರೂ ಇರಲಿ. ಅಲ್ಲೇ ಕೂತು ಅತ್ತವಳೇ, ತಾನೇ ಅತ್ತ ಸಾವಿನ ಸುದ್ದಿಯನ್ನು ನಂಬಿ ಹರದಾರಿಗಟ್ಟಲೆ ಓಡಿಬಂದಿದ್ದಳಲ್ಲ! ಅಂಜಿಕೆ ಬುದ್ಧಿಯನ್ನು ತಿಂದರೆ ಹೀಗೆಯೇ.

ಅವಳಿಗೆ ಒಮ್ಮೆಲೇ ನಗು, ಅಳು ಎರಡೂ ಬಂದವು. ಒಳಗೆ ಓಡಿ ಮೂಲೆಯಲ್ಲಿ ಕುಳಿತಿದ್ದ ಮುದುಕಿಯ ಕೈ ಹಿಡಿದಳು.

"ಅತ್ತೀ, ಅದು ನಾಟಕರೀ! ಬರೇ ನಾಟಕ! ಅವರಿಗೇನೂ ಆಗಿಲ್ಲ!"

ಭರಮವ್ವ ತಲೆ ಎತ್ತಿದಳು. ಕಣ್ಣು ಒಣಗಿದ್ದವು.

"ನಾಟಕ ಅಂತ ನನಗೂ ಗೊತ್ತೈತಿ ತಂಗಿ. ಅಂವ ಹೇಳೇ ಹೋಗ್ಯಾನ. ಮುಂಜಾನಿಂದ ಈ ಮಂದಿಗೆ ಹೇಳಿ ಹೇಳಿ ನನ್ನ ಬಾಯಿ ಬಿದ್ದೈತಿ." ಮುದುಕಿ ಬಾಗಿಲ ಕಡೆ ನೋಡಿದಳು. "ಆದ್ರ... ಅಂವ ಹೋಗಿ ಐದ ದಿನ ಆತು. ಹುಬ್ಬಳ್ಳಿ ಹತ್ತಿ ಇಳಿಸಿ ಎರಡ ದಿನಕ್ಕ ಬರಾವ. ಒಂದ ಸುದ್ದಿ ಇಲ್ಲ. ಇವರು ಹೆಣ ಹೆಣ ಅಂದಂಗೆಲ್ಲ ನನ್ನ ಕರಳ ಕಿತ್ತ ಬರಾಕತ್ತೈತಿ."

ಐದು ದಿನ!

ಇಳಿದಿದ್ದ ಹೆದರಿಕೆ ಮತ್ತೆ ಎದೆಗೇರಿ ಕುಳಿತಿತು. ನಗದೇ ಹೋದವನು. ತಾನೇ ನಗಬೇಡಿರಿ ಎಂದು ಕಳಿಸಿದವನು. ದಾನವ್ವ ಮುದುಕಿಯ ಪಕ್ಕದಲ್ಲಿ ಕುಳಿತಳು. ಭರಮವ್ವ ಹರಿದ ಸೆರಗಿನಿಂದ ಅವಳ ಕೈಯ ರಕ್ತ ಒರೆಸಿ ಅರಿಶಿನ ಒತ್ತಿದಳು. ಇವಳು ಯಾರು, ಯಾಕೆ ಬಂದಳು ಎಂದು ಕೇಳಲಿಲ್ಲ. ಮೂರು ದಿನದಿಂದ ಊಟ ಬಿಟ್ಟ ಹೆಂಗಸಿಗೆ ಇನ್ನೊಬ್ಬಳ ಸಂಕಟ ಹೇಳಿಕೊಡಬೇಕೇ?

"ನೀನ ಏನು, ಅವಂಗ ಇರವಿ ಕಡದ್ರೂ ಲಗೂನ ಅಳದಿದ್ದಾಕಿ?" ಎಂದಳು ಮೆಲ್ಲಗೆ.

ದಾನವ್ವ ತಲೆ ತಗ್ಗಿಸಿದಳು. ಅಂದರೆ... ಮನೆಯಲ್ಲಿ ತನ್ನ ಮಾತು ಆಡುತ್ತಿದ್ದರು!

ಬಿಸಿಲು ಅಂಗಳದಿಂದ ಮಾಡಿಗೆ ಏರಿತು. ಮಂದಿ ಕದಲಲಿಲ್ಲ. ಆಗ, ಓಣಿಯ ತುದಿಯಲ್ಲಿ ಲಾರಿಯ ಸದ್ದು. ಯಾರೋ ದಡದಡ ಓಡಿಬಂದರು.

"ಅತ್ತೀ! ಅತ್ತೀ! ಏನಾತ? ಯಾರ ಹೋದ್ರು? ಬಾಗಲ ಮುಂದ ಯಾಕ ಇಷ್ಟ ಮಂದಿ?"

ದ್ಯಾಮಪ್ಪ! ಮೈತುಂಬ ಗ್ರೀಸು, ಐದು ದಿನದ ಗಡ್ಡ, ಮುಖದಲ್ಲಿ ರಕ್ತವಿಲ್ಲ. ಮನೆಯ ಮುಂದೆ ಟೊಪ್ಪಿಗೆ ತೆಗೆದು ಕುಳಿತ ಗಂಡಸರನ್ನು ಕಂಡು, ತನ್ನ ಅತ್ತೆಯೇ ಹೋದಳೆಂದು ಜೀವ ಬಾಯಿಗೆ ಬಂದಿತ್ತು ಅವನಿಗೆ. ಅಂಗಳದ ಹೆಂಗಸರು ಚೀರಿ ಎರಡು ಪಾಲಾದರು. ಒಬ್ಬಳು "ದೆವ್ವ!" ಎಂದೇಬಿಟ್ಟಳು.

ಭರಮವ್ವ ಎದ್ದು ಅವನ ಎರಡೂ ಕೆನ್ನೆಗೆ ಪಟಪಟ ಬಾರಿಸಿದಳು. ಆಮೇಲೆ ತಬ್ಬಿಕೊಂಡಳು.

"ಎಲ್ಲಿ ಸತ್ತಿದ್ದ್ಯೋ ಭಾಡ್ಯಾ!"

"ಶಿಗ್ಗಾಂವ್ಯಾಗ ಲಾರಿ ಸ್ಪ್ರಿಂಗ್ ಪಾಟಾ ಮುರೀತಬೇ... ಹುಬ್ಬಳ್ಳಿಯಿಂದ ಸಾಮಾನ ಬರೂ ತನಕ ಅಲ್ಲೇ ರಸ್ತೆ ದಂಡ್ಯಾಗ ಬಿದ್ದಿದ್ದೆ. ನೀ ಆರಾಮ ಅದಿಯಿಲ್ಲ? ಮತ್ತ ಯಾರ..."

ಮಾತು ಅಲ್ಲಿಗೇ ನಿಂತಿತು. ಅತ್ತೆಯ ಹೆಗಲ ಮೇಲಿಂದ ಅವನಿಗೆ ದಾನವ್ವ ಕಂಡಿದ್ದಳು.

"ನೀವು... ಇಲ್ಲಿ?"

"ನಗ್ರಿ."

"ದಾನವ್ವಾರ..."

"ಮೊದಲ ನಗ್ರಿ! ಮಾತ ಬ್ಯಾಡ!" ಅವಳು ಇಡೀ ಊರಿನ ಮುಂದೆ ಎರಡೂ ಕೈ ಜೋಡಿಸಿದಳು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. "ಹೂಂ ಅಂತೇನ್ರಿ. ಸಾವಿರ ಸಲ ಹೂಂ ಅಂತೇನಿ. ನಾನ ಸೋತೆ. ಲಾರಿ ಹೊಡ್ಯಾವ್ರು ಅಂತ ಅಲ್ರಿ... ನಾ ಹೂಂ ಅಂದ್ರ ನಿಮಗ ಏನರ ಆಗ್ತೈತಿ ಅಂತ ಅಂಜಿದ್ನಿ. ಅಷ್ಟ ಜೀವ ನಿಮ್ಮ ಮ್ಯಾಲ. ನಗ್ರಿ ಈಗ!"

ದ್ಯಾಮಪ್ಪ ತುಟಿ ಅಗಲಿಸಿದ. ಆಗಲಿಲ್ಲ. ಎಷ್ಟು ನಾಟಕದಲ್ಲಿ ಗಹಗಹಿಸಿ ನಕ್ಕವನು! ಈಗ ಕಣ್ಣು ತುಂಬಿ ಗ್ರೀಸಿನ ಕೆನ್ನೆಯ ಮೇಲೆ ಎರಡು ಗೆರೆ ಇಳಿದವು.

"ಬರವಲ್ದರೀ... ನಾ ಆಟ ಅಂದ್ಕೊಂಡಿದ್ದೆ. ನಿಮ್ಮ ಕೈ ನೋಡ್ರಿ, ಏನ ಮಾಡ್ಕೊಂಡೀರಿ..."

ದಾನವ್ವನಿಗೆ ಮತ್ತೆ ದಿಗಿಲಾಯಿತು. ಏನು ಮಾಡುವುದು? ಒಂದೇ ಹೆಜ್ಜೆಯಲ್ಲಿ ಹತ್ತಿರ ಹೋದಳು. ಅವನ ಕಿವಿಗಷ್ಟೇ ಕೇಳುವಂತೆ ಪಿಸುಗುಟ್ಟಿದಳು:

"ಲಗೂನ ನಗ್ರೀ... ಬೆನ್ನಾಗ ಇರವಿ ಕಡ್ಯಾಕತ್ತಾವು!"

ಅವನು ಒಂದು ಗಳಿಗೆ ಪಿಳಿಪಿಳಿ ನೋಡಿದ. ಮರುಗಳಿಗೆ ಹೊಟ್ಟೆಯಿಂದ ಎದ್ದು ಬಂತು ನೋಡಿ ನಗು! ಕಣ್ಣೀರಿನ ಜೊತೆಗೇ, ತಡೆಯಿಲ್ಲದೆ, ಓಣಿಗೆಲ್ಲ ಕೇಳುವ ಹಾಗೆ. ಹೆಣ ನಕ್ಕಿತ್ತು! ಭರಮವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ಸಾಂತ್ವನ ಹೇಳಲು ಬಂದವರಿಗೆ ಏನು ಮಾಡಬೇಕೋ ತಿಳಿಯದೆ ಅವರೂ ನಕ್ಕರು.

ದಾನವ್ವ ಎರಡು ತಿಂಗಳ ಉಸಿರನ್ನು ಒಟ್ಟಿಗೇ ಬಿಟ್ಟಳು.

"ಭರಮವ್ವಾ, ಹೆಣ್ಣು ತಾನ ಮನಿಗೆ ಬಂದೈತಿ. ಚಾಕ್ಕ ಇಡು" ಎಂದರು ಕಟ್ಟೆಯ ಮೇಲಿನ ಹಿರಿಯರೊಬ್ಬರು, ದಾನವ್ವನಿಂದ ಊರು, ಅಪ್ಪನ ಹೆಸರು ಕೇಳಿ ತಿಳಿದು, ಟೊಪ್ಪಿಗೆ ತಿರುಗಿ ತಲೆಗೇರಿಸುತ್ತ. "ನಾಳೆ ಮುಂಜಾನೆ ಹಾನಗಲ್ಲಿಗೆ ಹೋಗಿ ಕರಬಸಪ್ಪ ಮಾಸ್ತರನ ಕಂಡ ಬರೂಣು. ಈಗ ಒಬ್ಬರು ಆಡೂರಿಗೆ ಹೇಳಿಕಳಸ್ರಿ, ಮಗಳು ಇಲ್ಲಿ ಅದಾಳಂತ."

ಅತ್ತೆ ಒಲೆಯ ಕಡೆಗೆ ಹೋದಳು. ದ್ಯಾಮಪ್ಪ ದಾನವ್ವನ ಅರಿಶಿನ ಹಚ್ಚಿದ ಅಂಗೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡ. ಕೆನ್ನೆ ಬೆಚ್ಚಗಿತ್ತು.

"ನಕ್ಕ ಬಿಟ್ನೆಲ್ರೀ ದಾನವ್ವಾರ... ಇನ್ನ ನಿಮ್ಮ ಕಡೆ ಬರಾಕ ನನಗ ನೆಪ ಏನು?"

ಅವಳು ಕೈ ಹಿಂದೆ ತೆಗೆಯಲಿಲ್ಲ.

"ನಿಮಗ್ಯಾಕರೀ ನೆಪ? ನಾನ ಬಂದೇನಲ್ಲ."